ಫೋರ್‌ಮನ್ ಬಂದರೆ ಒಂದು ಹಾರ್ನ್

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಹೆಡ್ ಆಫೀಸಿನಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಡಿಪೋ ಮ್ಯಾನೇಜರ್ ಸಾಹೇಬರೇ, ಮೆಕ್ಯಾನಿಕ್ ಬಂಧುಗಳೇ, ಡ್ರೈವರ್ ಕಂಡಕ್ಟರ್ ಮಿತ್ರರೇ, ಹಿಂದಿನ ಸಾಲಿನಲ್ಲಿ ತಿಂಡಿಯ ವಾಸನೆ ಬಂದ ಕಡೆಗೇ ಮುಖ ಮಾಡಿ ಕೂತಿರುವ ಸಮಸ್ತ ಸಭಿಕರೇ,

ನನಗೆ ಭಾಷಣ ಮಾಡಿ ಗೊತ್ತಿಲ್ಲ. ಕೂಗಿ ಗೊತ್ತು. ಇಷ್ಟು ವರ್ಷ ಬಸ್ಸಿನ ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಈ ಗಂಟಲು ಹೀಗಾಗಿದೆ. ಜೋರಾದರೆ ಆ ಮೈಕಿನವರು ಸ್ವಲ್ಪ ತಗ್ಗಿಸಿಕೊಳ್ಳಲಿ, ನನ್ನ ಕೈಲಿ ಆಗುವುದಿಲ್ಲ.

ನಿವೃತ್ತಿಯ ದಿನ ನನಗೆ ಇಷ್ಟು ದೊಡ್ಡ ಫಲಕ ಕೊಟ್ಟಿದ್ದೀರಿ. ಬಹಳ ಸಂತೋಷ. ಈಗಷ್ಟೇ ಕೂತು ಓದಿದೆ. ಇಂಗ್ಲಿಷಿನಲ್ಲಿದೆ, ಬಂಗಾರದ ಬಣ್ಣದ ಅಕ್ಷರ. ‘ಟು ಅವರ್ ಫೋರ್‌ಮನ್, ಫಾರ್ ಹಿಸ್ ಡೆಡಿಕೇಟೆಡ್ ಸರ್ವಿಸ್’ ಅಂತ ಕೆತ್ತಿದ್ದಾರೆ. ಹಿಸ್! ಅಧ್ಯಕ್ಷರೇ, ನೀವು ಬೆವರು ಒರೆಸಿಕೊಳ್ಳಬೇಡಿ, ನನಗೆ ಸಿಟ್ಟು ಬಂದಿಲ್ಲ. ಹಳೇ ಫಲಕದ ಅಚ್ಚಿನಲ್ಲೇ ಹೊಸದನ್ನು ಮಾಡಿಸಿದ್ದೀರಿ, ಗೊತ್ತಾಗುತ್ತೆ. ಮನೆಗೆ ತಗೊಂಡು ಹೋದರೆ ನಮ್ಮ ಮನೆಯವರು ‘ಇದು ನನಗೇ ಕೊಟ್ಟಿದ್ದು’ ಅಂತ ತಮ್ಮ ಮಂಚದ ಮೇಲೆ ನೇತುಹಾಕಿಕೊಂಡರೆ ಮಾತ್ರ ನಾನು ಜವಾಬ್ದಾರಳಲ್ಲ. ಅಗೋ, ಮೂರನೇ ಸಾಲಿನಲ್ಲಿ ಕೂತು ನೆತ್ತಿ ಸವರಿಕೊಳ್ಳುತ್ತಿದ್ದಾರಲ್ಲ, ಅವರೇ. ಇದೇ ಡಿಪೋದ ಡ್ರೈವರ್ ಆಗಿದ್ದವರು. ನನಗಿಂತ ಮುಂಚೆ ರಿಟೈರ್ ಆಗಿ ಈಗ ಮನೆಯಲ್ಲಿ ನನಗೆ ಬ್ರೇಕ್ ಹಾಕುವ ಕೆಲಸ ಮಾಡುತ್ತಿದ್ದಾರೆ.

ಈ ಫಲಕ ನೋಡಿದ ಕೂಡಲೇ ನಾನು ಬರೆದುಕೊಂಡು ಬಂದ ಭಾಷಣ ಮರೆತೇ ಹೋಯಿತು. ಅದರಲ್ಲಿ ಟೈರು, ಡೀಸೆಲ್, ಶಿಸ್ತು ಅಂತೆಲ್ಲ ಇತ್ತು. ಹೋಗಲಿ ಬಿಡಿ. ಇವತ್ತು ಇಂಗ್ಲಿಷ್ ಬಗ್ಗೆಯೇ ಮಾತಾಡುತ್ತೇನೆ. ಆ ಭಾಷೆಗೂ ನನಗೂ ಒಂದು ಹಳೇ ಲೆಕ್ಕ ಇದೆ.

ಹಳೆಯ ಫೋರ್‌ಮನ್ನರು ರಿಟೈರ್ ಆದಾಗ ಶೆಡ್ಡಿನ ಮೆಕ್ಯಾನಿಕ್‌ಗಳ ಸೀನಿಯಾರಿಟಿಯಲ್ಲಿ ಮುಂದಿದ್ದವಳು ನಾನು. ಹೆಡ್ ಆಫೀಸಿನಲ್ಲಿ ಒಬ್ಬರು ಸೂಪರಿಂಟೆಂಡೆಂಟ್ ಇದ್ದರು, ಒಳ್ಳೆಯವರೇ ಪಾಪ. ರೂಲ್ಸ್ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ‘ನೋಡಮ್ಮ, ಫೋರ್‌ಮನ್ ಅಂತಿದೆ. ಹೀ ಶಲ್ ಇನ್‌ಸ್ಪೆಕ್ಟ್, ಹೀ ಶಲ್ ಸೈನ್. ಎಲ್ಲಾದರೂ ಶೀ ಅಂತ ಇದೆಯಾ? ನಾನೇನು ಮಾಡಲಿ?’ ಅಂದರು. ನಾನು ಹಾಳೆ ತಿರುಗಿಸಿದೆ. ‘ಸರ್, ಇಲ್ಲಿ ತಪ್ಪು ಮಾಡಿದರೆ ಹೀ ಶಲ್ ಬಿ ಡಿಸ್ಮಿಸ್ಡ್ ಅಂತಿದೆ. ಹಾಗಾದರೆ ನಾನು ಏನು ಮಾಡಿದರೂ ಡಿಸ್ಮಿಸ್ ಮಾಡೋ ಹಾಗಿಲ್ಲ, ಅಲ್ವಾ?’ ಅಂದೆ. ‘ಛೆ ಛೆ, ಅದು ಎಲ್ಲರಿಗೂ ಅನ್ವಯಿಸುತ್ತಮ್ಮ’ ಅಂದರು.

ಕೇಳಿದಿರಾ? ಶಿಕ್ಷೆಗೆ ಬಂದಾಗ ‘ಹೀ’ ಒಳಗೆ ನಮಗೂ ಜಾಗ ಇದೆ. ಪದವಿಗೆ ಬಂದಾಗ ಇಲ್ಲ! ಇದಕ್ಕೆ ಏನನ್ನಬೇಕು ಸ್ವಾಮಿ?

ಆಮೇಲೆ ಅವರು ಒಂದು ಕಮಿಟಿ ಮಾಡಿದರು. ನನ್ನನ್ನು ಏನಂತ ಕರೆಯಬೇಕು ಅನ್ನೋದಕ್ಕೆ ಕಮಿಟಿ! ಫೋರ್‌ವುಮನ್ ಅಂದರೆ ಕಿವಿಗೆ ಸರಿ ಬರಲ್ಲ ಅಂದರಂತೆ ಒಬ್ಬರು. ಲೇಡಿ ಫೋರ್‌ಮನ್ ಅನ್ನೋಣ ಅಂದರಂತೆ ಇನ್ನೊಬ್ಬರು. ಫೋರ್‌ಪರ್ಸನ್ ಅಂದಾಗ ಎಲ್ಲರೂ ನಕ್ಕು ಟೀ ತರಿಸಿದರಂತೆ. ಅಷ್ಟರ ತನಕ ನಾನು ಹಂಗಾಮಿ. ನಾನು ಹುಟ್ಟಿದಾಗ ನನಗೆ ಹೆಸರಿಡೋಕೆ ನಮ್ಮಪ್ಪನಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಇವರಿಗೆ ಒಂದು ವರ್ಷದ ಮೇಲೆ ಹಿಡಿಯಿತು.

ಹೊಸ ಹುಡುಗರಿಗೆ ಗೊತ್ತಿಲ್ಲದೆ ಇರಬಹುದು, ಹೇಳುತ್ತೇನೆ. ನಮ್ಮ ಡಿಪೋದಲ್ಲಿ ಒಂದು ಪದ್ಧತಿ ಇದೆ. ಹೊಸ ಫೋರ್‌ಮನ್ ಮೊದಲ ದಿನ ಬೆಳಿಗ್ಗೆ ಗೇಟಿನ ಒಳಗೆ ಕಾಲಿಟ್ಟಾಗ, ಸಾಲಾಗಿ ನಿಂತ ಅಷ್ಟೂ ಬಸ್ಸುಗಳು ಒಟ್ಟಿಗೆ ಉದ್ದಕ್ಕೆ ಒಂದು ಹಾರ್ನ್ ಹೊಡೆಯುತ್ತವೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಹಿಂದಿನ ಫೋರ್‌ಮನ್ನರಿಗೆ ಹೊಡೆದಾಗ ನಾನು ಜ್ಯಾಕಿನ ಪಕ್ಕ ನಿಂತಿದ್ದೆ. ಎದೆ ಝಲ್ ಅಂದಿತ್ತು. ಅವತ್ತೇ ಅಂದುಕೊಂಡಿದ್ದೆ, ನನಗೂ ಒಂದು ದಿನ ಹೀಗೆ ಅಂತ. ಸಂಬಳಕ್ಕಿಂತ ಹೆಚ್ಚಾಗಿ ಆ ಹಾರ್ನಿನ ಮೇಲೆ ಆಸೆ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ?

ನನ್ನ ಮೊದಲ ದಿನ ಬಂತು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಗೇಟಿನ ಒಳಗೆ ಬಂದೆ. ಎಲ್ಲ ಬಸ್ಸುಗಳೂ ಎಂಜಿನ್ ಹಾಕಿಕೊಂಡು ನಿಂತಿದ್ದವು. ನಡೆದೆ. ನಡೆಯುತ್ತಾ ಹೋದೆ. ಒಂದೇ ಒಂದು ಹಾರ್ನ್ ಇಲ್ಲ. ಹಿರಿಯ ಡ್ರೈವರ್ ಒಬ್ಬರು ಕಿಟಕಿಯಿಂದ ತಲೆ ಹಾಕಿ, ‘ಹಾರ್ನ್ ಫೋರ್‌ಮನ್ನಿಗಮ್ಮ. ನೀವಿನ್ನೂ ಹಂಗಾಮಿ. ಹೆಸರು ಬರಲಿ, ಹೊಡೆಯೋಣ’ ಅಂದರು. ಸಾಲಿನಲ್ಲಿ ಮೊದಲು ನಿಂತಿದ್ದ ಬಸ್ಸಿನ ಸ್ಟೀರಿಂಗ್ ಹಿಡಿದು ಕೂತಿದ್ದವರು ಯಾರು ಗೊತ್ತಾ? ನಮ್ಮ ಮನೆಯವರು. ಹೆಬ್ಬೆರಳಿನಿಂದ ಹಾರ್ನಿಗೆ ಒಂದು ಗೇಣೂ ಇರಲಿಲ್ಲ.

ಆಯ್ತು ಬಿಡಿ. ನಗುವ ವಿಷಯ ಹೇಳೋಣ ಅಂತ ಬಂದೆ, ಇದೆಲ್ಲ ಯಾಕೆ. ಅವತ್ತು ಸಂಜೆ ನಾನು ಮನೆಗೆ ಹೋಗುವಷ್ಟರಲ್ಲಿ ಅವರೇ ಅಡುಗೆ ಮಾಡಿಟ್ಟಿದ್ದರು. ಉಪ್ಪು ಹಾಕುವುದು ಮರೆತಿದ್ದರು. ಹಾರ್ನ್ ಬಗ್ಗೆ ನಾನು ಕೇಳಲಿಲ್ಲ. ಉಪ್ಪಿಲ್ಲ ಅಂತಲೂ ಹೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಹಂಗಾಮಿ ಇದ್ದಾಗ ಇನ್ನೊಂದು ತಮಾಷೆ ನಡೆಯುತ್ತಿತ್ತು. ಪರೀಕ್ಷೆ ಆದ ಬಸ್ಸಿನ ಗಾಜಿನ ಮೂಲೆಯಲ್ಲಿ ಫೋರ್‌ಮನ್ ಸೀಮೆಸುಣ್ಣದ ಗೆರೆ ಎಳೆಯಬೇಕು. ಗೆರೆ ಇಲ್ಲದ ಬಸ್ಸನ್ನು ಯಾವ ಡ್ರೈವರೂ ಹೊರಗೆ ತೆಗೆಯುವುದಿಲ್ಲ. ಬಸ್ಸಿನ ಅಡಿ ಮಲಗಿ ನೋಡುವವಳು ನಾನು, ಗೆರೆ ಎಳೆಯೋಕೆ ಮಾತ್ರ ಅಸಿಸ್ಟೆಂಟ್ ಮ್ಯಾನೇಜರ್ ಬರಬೇಕು! ಪಾಪ, ಅವರ ಬಿಳಿ ಶರ್ಟಿಗೆ ಎಲ್ಲಿ ಗ್ರೀಸ್ ಹತ್ತುತ್ತೋ ಅಂತ ದೂರದಿಂದಲೇ ಕೈ ಚಾಚಿ ಎಳೆಯುತ್ತಿದ್ದರು. ಒಂದು ದಿನ ಅವರು ರಜೆ ಹಾಕಿದರು. ಮ್ಯಾನೇಜರು ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, ‘ಇವತ್ತೊಂದು ದಿನ ನೀವೇ ಎಳೆದುಬಿಡಿ’ ಅಂದರು. ನಾನು ಅದನ್ನು ಮೇಜಿನ ಮೇಲೆ ಇಟ್ಟೆ. ‘ಹೆಸರಿಲ್ಲದವಳು ಗೆರೆ ಎಳೆದರೆ ಚೆನ್ನಾಗಿರಲ್ಲ ಸರ್’ ಅಂದೆ.

ಅಯ್ಯೋ, ಅವತ್ತಿನ ಗಲಾಟೆ ನೆನೆಸಿಕೊಂಡರೆ ಈಗಲೂ ನಗು. ಬಸ್ಸುಗಳು ಅಂಗಳದಲ್ಲಿ, ಜನ ಸ್ಟಾಪಿನಲ್ಲಿ, ಮ್ಯಾನೇಜರ್ ಫೋನಿನಲ್ಲಿ. ‘ಕೈಗೆ ಬಳೆ ತೊಟ್ಟುಕೊಂಡಿಲ್ಲ ನಾವು’ ಅಂತ ಯಾರೋ ಎಗರಾಡಿದರು. ‘ನಾನೂ ತೊಟ್ಟಿಲ್ಲ, ಶೆಡ್ಡಿನಲ್ಲಿ ಬಳೆ ಹಾಕಬಾರದು ಅಂತ ರೂಲ್ ಇದೆ’ ಅಂದೆ. ನಮ್ಮ ಭಾಷೆಯೂ ಏನು ಕಮ್ಮಿ ಇಲ್ಲ, ಇಂಗ್ಲಿಷನ್ನೊಂದೇ ಬೈದು ಏನು ಪ್ರಯೋಜನ? ಮ್ಯಾನೇಜರು ನಮ್ಮ ಮನೆಯವರ ಹತ್ತಿರ ಓಡಿದರು, ‘ನಿಮ್ಮ ಹೆಂಡತಿಗೆ ಸ್ವಲ್ಪ ಹೇಳ್ರೀ’ ಅಂತ. ಇವರು ಪೇಪರ್ ತಲೆಕೆಳಗಾಗಿ ಹಿಡಿದುಕೊಂಡು, ‘ಅವಳು ನನ್ನ ಮಾತು ಯಾವಾಗ ಕೇಳಿದ್ದಾಳೆ ಸಾರ್?’ ಅಂದರು.

ಮಧ್ಯಾಹ್ನದ ಹೊತ್ತಿಗೆ ಹೆಡ್ ಆಫೀಸಿನಿಂದ ಫೋನ್ ಬಂತು. ‘ಏನಾದರೂ ಬರೆದುಕೊಳ್ಳಲಿ, ಮೊದಲು ಬಸ್ಸು ಬಿಡಿ!’ ಒಂದು ವರ್ಷ ಮುಗಿಯದ ಕಮಿಟಿ ಒಂದು ನಿಮಿಷದಲ್ಲಿ ಮುಗಿಯಿತು. ಬೋರ್ಡಿನ ಮೇಲೆ ಏನು ಬರೆಸಲಿ ಅಂತ ಮ್ಯಾನೇಜರು ಕೇಳಿದಾಗ, ‘ಇರುವುದೇ ಇರಲಿ ಸರ್, ಫೋರ್‌ಮನ್’ ಅಂದೆ. ನನಗೆ ಬೇಕಾಗಿದ್ದು ಅದೇ ಕುರ್ಚಿ. ಪಕ್ಕದಲ್ಲಿ ಒಂದು ಸಣ್ಣ ಲೇಡೀಸ್ ಕುರ್ಚಿ ಅಲ್ಲ.

ಮಾರನೇ ದಿನ ಹಾರ್ನ್ ಹೊಡೆದರಾ ಅಂತ ಕೇಳುತ್ತೀರಾ? ಇಲ್ಲ. ‘ಹಾರ್ನ್ ಹೊಸಬರಿಗೆ ಮಾತ್ರ, ನೀವು ಹಳಬರಾಗಿಬಿಟ್ಟಿರಿ’ ಅಂದರು.

ಆಗ ನನ್ನ ಮಗಳು ಶಾಲೆಯಲ್ಲಿದ್ದಳು. ‘ದಿ ಫೋರ್‌ಮನ್ ಕೇಮ್ ಹೋಮ್. ಶೀ ವಾಸ್ ಟೈರ್ಡ್’ ಅಂತ ಬರೆದಿದ್ದಕ್ಕೆ ಟೀಚರು ‘ಶೀ’ ಮೇಲೆ ಕೆಂಪು ಗೀಟು ಹಾಕಿದ್ದರು. ಮಾರನೇ ದಿನ ನಾನು ಗ್ರೀಸ್ ಕೋಟಿನಲ್ಲೇ ಶಾಲೆಗೆ ಹೋಗಿ ಬಾಗಿಲಲ್ಲಿ ನಿಂತೆ. ‘ಮೇಡಂ, ಆ ಫೋರ್‌ಮನ್ ನಾನೇ. ಸುಸ್ತಾಗಿದ್ದೂ ನಿಜ’ ಅಂದೆ. ಅವರು ನಕ್ಕುಬಿಟ್ಟರು, ಗೀಟಿನ ಪಕ್ಕ ಸರಿ ಗುರುತು ಹಾಕಿ ಕೊಟ್ಟರು. ಆ ಮಗಳು ಈಗ ಸ್ವತಃ ಇಂಗ್ಲಿಷ್ ಟೀಚರ್. ‘ಅಮ್ಮಾ, ನೀನು ಹಳೇ ಪದ ಒಪ್ಪಿಕೊಂಡಿದ್ದು ತಪ್ಪು. ಪದ ಬದಲಾದರೆ ಮಕ್ಕಳ ಕಣ್ಣಿಗೆ ಕಾಣುವ ಚಿತ್ರ ಬದಲಾಗುತ್ತೆ’ ಅಂತ ನನ್ನ ಜೊತೆ ಜಗಳ ಆಡುತ್ತಾಳೆ. ಅವಳು ಹೇಳುವುದರಲ್ಲೂ ನ್ಯಾಯ ಇದೆ. ಅದಕ್ಕೇ ಹೆಡ್ ಆಫೀಸು ಈ ತಿಂಗಳು ಫೋರ್‌ಮನ್ ಅನ್ನೋದನ್ನು ತೆಗೆದು ‘ವರ್ಕ್‌ಶಾಪ್ ಸೂಪರ್‌ವೈಸರ್’ ಅಂತ ಮಾಡಿದಾಗ ನಾನೇ ಮೊದಲು ಚಪ್ಪಾಳೆ ತಟ್ಟಿದೆ. ನಾಳೆ ನನ್ನ ಕುರ್ಚಿಗೆ ಬರುವವಳು, ಅಲ್ಲಿ ಕಂಬದ ಪಕ್ಕ ನಿಂತಿದ್ದಾಳಲ್ಲ, ನಮ್ಮ ಎಲೆಕ್ಟ್ರಿಷಿಯನ್ ಹುಡುಗಿ, ಅವಳು ಹೆಸರಿಗಾಗಿ ಒಂದು ದಿನವೂ ಕಾಯಬೇಕಾಗಿಲ್ಲ.

ಆದರೆ ನಿನ್ನೆ ಕ್ಯಾಂಟೀನಿನಲ್ಲಿ ಒಂದು ಮಾತು ಕಿವಿಗೆ ಬಿತ್ತು. ‘ನಾಳಿದ್ದು ಹಾರ್ನ್ ಇದೆಯೇನಪ್ಪಾ?’ ಅಂತ ಒಬ್ಬ ಕೇಳಿದ. ‘ಹಾರ್ನ್ ಫೋರ್‌ಮನ್ನಿಗೆ. ಈಗ ಫೋರ್‌ಮನ್ ಅನ್ನೋ ಹುದ್ದೆಯೇ ಇಲ್ಲವಲ್ಲ’ ಅಂದ ಇನ್ನೊಬ್ಬ.

ಎಲಾ ಎಲಾ! ನನಗೆ ಹಳೇ ಪದದ ನೆಪ, ಇವಳಿಗೆ ಹೊಸ ಪದದ ನೆಪ! ಯಾರು ಅಂದಿದ್ದು ಅಂತ ನಾನು ಹೇಳುವುದಿಲ್ಲ, ಹೆದರಬೇಡಿ, ತಿಂಡಿ ತಿನ್ನಿ. ಆದರೆ ನನಗೆ ಬಹಳ ನೋವಾಯಿತು. ಅವತ್ತು ಗೇಟಿನಿಂದ ಶೆಡ್ಡಿನವರೆಗೆ ನಡೆದಿದ್ದು ಮತ್ತೆ ನೆನಪಾಯಿತು. ನನಗೆ ಸಿಗದಿದ್ದು ಸಿಗದೇ ಹೋಯಿತು, ಅದನ್ನು ಕೇಳೋಕೆ ಬಂದಿಲ್ಲ. ನಾಳೆ ಬೆಳಿಗ್ಗೆ ಆ ಹುಡುಗಿ ಒಳಗೆ ಕಾಲಿಟ್ಟಾಗ ಅಂಗಳ ಮೌನವಾಗಿರಬಾರದು. ಇದೊಂದೇ ನನ್ನ ಬೇಡಿಕೆ. ಡ್ರೈವರ್ ಮಿತ್ರರೇ, ಹೊಡೀತೀರಾ? ಕೈ ಎತ್ತಿ ನೋಡೋಣ. ಅಷ್ಟೇನಾ? ಯಾಕೆ, ಉಳಿದವರ ಕೈ ನೋಯುತ್ತಾ?

ರೀ, ನೀವೆಲ್ಲಿ ಎದ್ದು ಹೊರಟಿರಿ? ನಿಮ್ಮನ್ನು ಕೈ ಎತ್ತಿ ಅಂದಿಲ್ಲ, ನೀವು ರಿಟೈರ್ ಆದವರು. ನೋಡಿದಿರಾ, ಕಷ್ಟದ ಮಾತು ಬಂದ ಕೂಡಲೇ ಇವರಿಗೆ ಕಾಫಿ ನೆನಪಾಗುತ್ತೆ. ಹೋಗಲಿ ಬಿಡಿ, ಪಾಪ, ಮಂಡಿ ನೋವಿನ ಮನುಷ್ಯ, ತುಂಬಾ ಹೊತ್ತು ಕೂರೋಕಾಗಲ್ಲ.

ನಾನೂ ಮುಗಿಸುತ್ತೇನೆ. ಈ ಶೆಡ್ಡು ನನಗೆ ಅನ್ನ ಕೊಟ್ಟಿದೆ. ನಿಮ್ಮಲ್ಲಿ ಎಷ್ಟೋ ಜನ ನನ್ನ ಹತ್ತಿರ ಬೈಸಿಕೊಂಡೇ ಕೆಲಸ ಕಲಿತವರು, ಅವರಿಗೆಲ್ಲ ನಾನು ಋಣಿ. ಫಲಕ ಮಾಡಿಸಿದವರಿಗೆ, ಕುರ್ಚಿ ಹಾಕಿದವರಿಗೆ, ಈ ಮೈಕಿನವರಿಗೆ, ಎಲ್ಲರಿಗೂ ನನ್ನ ಧನ್ಯ...

ತಾಳಿ. ಅದೇನದು ಸದ್ದು?

ಹಾರ್ನ್. ಅಂಗಳದ ಕಡೆಯಿಂದ. ಮೊದಲು ಗೊರಗೊರ ಅಂದು ಆಮೇಲೆ ದನಿ ಬಿಡುತ್ತಿದೆ. ಈ ಹಾರ್ನ್ ನನಗೆ ಗೊತ್ತು. ಕಲಿಯುವವರಿಗೆ ಅಂತ ಮೂಲೆಯಲ್ಲಿ ನಿಲ್ಲಿಸಿರುವ ಹಳೇ ಬಸ್ಸಿನದು ಇದು. ನಮ್ಮ ಮನೆಯವರು ಓಡಿಸುತ್ತಿದ್ದ ಬಸ್ಸು. ಅವತ್ತು ಸಾಲಿನಲ್ಲಿ ಮೊದಲು ನಿಂತಿದ್ದ ಬಸ್ಸು.

ಅಯ್ಯೋ, ಸಾಕು ಮಾಡಿ ರೀ, ಬ್ಯಾಟರಿ ಇಳಿದುಹೋಗುತ್ತೆ.

ಇಲ್ಲ, ಬೇಡ. ಹೊಡೀರಿ. ಇನ್ನೂ ಸ್ವಲ್ಪ ಹೊಡೀರಿ.

ಸಭಿಕರೇ, ಈ ಮೈಕನ್ನು ಇಲ್ಲೇ ಇಡುತ್ತಿದ್ದೇನೆ. ಮೈಕಿನವರು ಇನ್ನು ತಗ್ಗಿಸಿಕೊಳ್ಳಬೇಕಾಗಿಲ್ಲ. ಎಲ್ಲರಿಗೂ ನಮಸ್ಕಾರ.