ಬಾಗಿಲಿಗೆ ಹಾಕಿದ ಕಲ್ಲು

ಅಮೆರಿಕದ ಸೊಕೊರೊ ಊರಿನ ರೊಟ್ಟಿಯಂಗಡಿಯ ಸಾಲಿನಲ್ಲಿ ನಿಂತಿದ್ದ ಡೆಲ್ಫೀನಾಳಿಗೆ ಕೇಳಿಸುವಂತೆ, ಅವಳ ಮುಂದೆ ಮುದುಕ ಬ್ರೌಲಿಯೊ ತನ್ನ ಅಕ್ಕನೊಡನೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

“ರಿಪೇರಿಗೆ ಅಂತ ನಮ್ಮ ಬಾಗಿಲ ಕಲ್ಲು ಮಗುಚಿದೆ, ಅಕ್ಕಾ. ಕೆಳಮಗ್ಗುಲಲ್ಲಿ ಮುತ್ತಜ್ಜನ ಹೆಸರಿತ್ತು. ಅಂತರ್ಯುದ್ಧದ ಸಿಪಾಯಿ ಅಂತ ಕೆತ್ತಿದಾರೆ.”

“ಸರ್ಕಾರ ಕಳಿಸಿದ ಗೋರಿಕಲ್ಲಾ?”

“ಹೂಂ. ಆಗ ಮನೇಲಿ ಬರೀ ಸ್ಪ್ಯಾನಿಷ್; ಓದು, ಇಂಗ್ಲಿಷ್ ಯಾರಿಗೆ ಬರ್ತಿತ್ತು? ಚಪ್ಪಟೆ ಕಲ್ಲು ಅಂತ ಬಾಗಿಲಿಗೆ ಹಾಕಿಬಿಟ್ಟಿದಾರೆ.”

“ಅದರ ಮೇಲೇ ಕೂತು ಮೆಣಸಿನಕಾಯಿ ಪೋಣಿಸಿದೀನಲ್ಲೋ.”

“ನಾನು ಬೂಟಿನ ಕೆಸರು ಒರೆಸಿದೀನಿ. ಸ್ಕೂಲಲ್ಲಿ ಕೇಳಿದಾಗ, ಈ ದೇಶಕ್ಕಾಗಿ ನಮ್ಮೋರು ಯಾರೂ ಹೋರಾಡಿಲ್ಲ ಅಂದಿದ್ದೂ ನಾನೇ.”

“ಸಮಾಧಿಗೆ ಯಾವಾಗ ಒಯ್ತೀಯಾ?”

“ಇಷ್ಟು ವರ್ಷ ಎಲ್ಲಿತ್ತು ಅಂತ ಊರೋರು ಕೇಳ್ತಾರೆ.”

“ಕೇಳ್ಲಿ. ಇದ್ದದ್ದು ಹೇಳು. ಭಾನುವಾರ ನಾನೂ ಬರ್ತೀನಿ.”

ರೊಟ್ಟಿ ಕೊಂಡು ಇಬ್ಬರೂ ಹೊರಟರು. ಅಂಗಡಿಯ ಬಾಗಿಲ ಕಲ್ಲಿನ ಮುಂದೆ ಬ್ರೌಲಿಯೊ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ. ಆಮೇಲೆ ಅಕ್ಕನ ಹೆಗಲು ಹಿಡಿದು, ಕಲ್ಲನ್ನು ತುಳಿಯದೆ ದಾಟಿದ.