ಯಾವ್ದು ಬಂತೋ, ವಾಸಪ್ಪ?

ಎಂಬತ್ನಾಲ್ಕರ ಬೇಸಿಗೆಯಲ್ಲಿ ಆನಂದಪುರ ಪೇಟೆಯನ್ನು ಕಳವಳಕ್ಕೆ ಈಡುಮಾಡಿದ ಸುದ್ದಿ ಒಂದೇ. ಟೈಲರ್ ವಾಸಪ್ಪ ಸಂಜೆಯ ರೈಲು ನೋಡಲು ಹೋಗಲಿಲ್ಲ.

ದೇಶದಲ್ಲಿ ಬೇರೆ ಸಂಗತಿಗಳೂ ನಡೆಯುತ್ತಿದ್ದವು, ರೇಡಿಯೋದಲ್ಲಿ ಹೇಳುತ್ತಿದ್ದರು. ಚಾದಂಗಡಿಯಲ್ಲಿ ಚರ್ಚೆಯಾದದ್ದು ಮಾತ್ರ ಇದು. ಜ್ವರ ಇರಬೇಕು ಎಂದರು ಕೆಲವರು. ಹೆಂಡತಿ ಹೆತ್ತಿದ್ದಾಳಲ್ಲ, ಈಗಲಾದರೂ ಬುದ್ಧಿ ಬಂತು ಎಂದರು ಉಳಿದವರು. ಸ್ಟೇಷನ್ ಮಾಸ್ತರರು ಗಾಡಿಗೆ ಹಸಿರು ಬಾವುಟ ತೋರಿಸಿ, ಪ್ಲಾಟ್‌ಫಾರಂ ಕೊನೆಯ ಕಲ್ಲುಬೆಂಚಿನ ಕಡೆ ನೋಡಿ, "ಇವತ್ತು ಇಬ್ಬರೂ ಇಲ್ಲ" ಎಂದರಂತೆ. ಅದನ್ನು ಕೇಳಿ ಗಾರ್ಡು ಟೊಪ್ಪಿ ತೆಗೆದನಂತೆ. ಟೊಪ್ಪಿಯ ವಿಷಯ ಉತ್ಪ್ರೇಕ್ಷೆ ಇರಬಹುದು. ಮುಂದಿನದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಇಬ್ಬರೂ ಎಂದರೆ ವಾಸಪ್ಪ ಮತ್ತು ಗೋಪಾಲಪ್ಪ.

ಗೋಪಾಲಪ್ಪ ತೀರ್ಥಹಳ್ಳಿ ಕಡೆಯವನು. ಅಲ್ಲಿ ತುಂಗೆ ಇದ್ದಾಳೆ, ಕಾಲೇಜಿದೆ, ಬೇಕಾದಷ್ಟು ಬಸ್ಸುಗಳಿವೆ. ರೈಲಿಲ್ಲ. ಯಾರದೋ ಮದುವೆಗೆಂದು ಆನಂದಪುರಕ್ಕೆ ಬಂದವನು ಧಾರೆಯ ಹೊತ್ತಿಗೆ ಎಂಜಿನ್ ಕೂಗಿದ್ದು ಕೇಳಿ ಚಪ್ಪರ ಬಿಟ್ಟು ಓಡಿದ. ಊಟಕ್ಕೂ ತಿರುಗಿ ಬರಲಿಲ್ಲ, ಊರಿಗೂ ತಿರುಗಿ ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಬುಕಿಂಗ್ ಏಜೆಂಟನಾಗಿ ಸೇರಿಕೊಂಡ. ಹಗಲೆಲ್ಲ ಬಸ್ಸಿನ ಟಿಕೆಟ್ ಹರಿದು, ಬಿಡುವು ಸಿಕ್ಕಿದರೆ ಸಂಜೆ ರೈಲು ನೋಡುವುದು. ಇದರಲ್ಲಿ ಏನೋ ತಾಳೆಯಾಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ. ವಾಸಪ್ಪನ ಅಂಗಡಿಗೆ ಪ್ಯಾಂಟು ಹೊಲಿಸಲು ಬಂದಾಗ ಎಂಜಿನ್ ಕೂಗಿತು. ಟೇಪು ಹಿಡಿದಿದ್ದ ವಾಸಪ್ಪನ ಕೈ ತಡೆದು ನಿಂತಿತು. ಸ್ನೇಹ ಅಲ್ಲಿಗೆ ಗಟ್ಟಿಯಾಯಿತು. ಪ್ಯಾಂಟು ಮಾತ್ರ ಸೊಂಟದಲ್ಲಿ ಬಿಗಿಯಾಯಿತು.

ಶಿವಮೊಗ್ಗದಿಂದ ಹೊರಟ ಗಾಡಿ ತಾಳಗುಪ್ಪದಲ್ಲಿ ಹಳಿ ಮುಗಿಯುವುದರಿಂದ ತಿರುಗಿ ಬರಲೇಬೇಕು. ಕುತೂಹಲಕ್ಕೆ ಹೆಚ್ಚಿನ ಜಾಗವಿಲ್ಲ. ಇಬ್ಬರೂ ಇದ್ದಷ್ಟು ಜಾಗದಲ್ಲಿ ಹೊಂದಿಸಿಕೊಂಡರು. ಎಂಜಿನ್ನುಗಳಿಗೆ ಹೆಸರಿಟ್ಟರು. ನಿಂತಲ್ಲೂ ಬುಸುಗುಡುವುದು ಅತ್ತೆ. ಕಿಡಿ ಉಗುಳುವುದು ಕೋಪಿಷ್ಠ. ಛಕ್, ಛಕ್, ಛಕ್ ಎಂದು ಮೂರು ಹಾಕಿ ನಾಲ್ಕನೆಯದನ್ನು ನುಂಗಿಬಿಡುವುದು ಕುಂಟಿ. ಗೋಪಾಲಪ್ಪನಿಗೆ ಕುಂಟಿಯ ಮೇಲೆ ಪ್ರಾಣ. ಅದನ್ನು ಗುಜರಿಗೆ ಹಾಕಿ ತುಂಡು ಮಾಡಿದರು ಎಂದು ಡ್ರೈವರು ಹೇಳಿದ ದಿನ, ಗೋಪಾಲಪ್ಪ ಕೆರೆಗೆ ಹೋಗಿ ತಲೆಗೆ ಮುಳುಗಿ ಬಂದ. ಸತ್ತ ಸುದ್ದಿ ಕೇಳಿದರೆ ಸ್ನಾನ ಮಾಡಬೇಕಲ್ಲ.

ವಾಸಪ್ಪನ ತಾಯಿ ಕೆರಿಯಮ್ಮನಿಗೆ ಇದು ಸರಿಬರುತ್ತಿರಲಿಲ್ಲ.

"ನಿನ್ನೆ ನೋಡಿದ್ದನ್ನೇ ಇವತ್ತೂ ನೋಡ್ತೀರಲ್ಲ, ಅದ್ಕೆಂತ ಕೋಡು ಮೂಡಿರ್ತದಾ?"

"ದಿನಾ ಅದೇ ಹಸು ಕರೀತೀರಲ್ಲ ಕೆರಿಯಮ್ಮ, ನಿಮ್ಗೆ ಬೇಜಾರಿಲ್ವಾ?" ಎಂದ ಗೋಪಾಲಪ್ಪ.

"ಹಸು ಹಾಲು ಕೊಡ್ತದೆ ಮಾರಾಯ."

"ರೈಲು ಕೂಗ್ತದೆ."

ಕೆರಿಯಮ್ಮ ಪೊರಕೆ ಹುಡುಕಿದಳು. ರೈಲು ನೋಡುವ ಹವ್ಯಾಸದಿಂದ ಪ್ರಯೋಜನವೇನು ಎಂಬ ಚರ್ಚೆ ಆ ಮನೆಯಲ್ಲಿ ಬಹಳ ಕಾಲ ಇದೇ ಮಟ್ಟದಲ್ಲಿ ನಡೆಯಿತು.

ಬಸ್ಸು ತಡವಾದ ದಿನ ಗೋಪಾಲಪ್ಪನಿಗೆ ರೈಲು ತಪ್ಪುತ್ತಿತ್ತು. ಆ ದಿನ ರಾತ್ರಿ ಅವನು ರೈಲ್ವೆ ಗೇಟಿನಾಚೆ ಆಲದ ಮರದ ಕೆಳಗೆ ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ. ವಾಸಪ್ಪ ಅಂಗಡಿ ಮುಚ್ಚಿ ಮನೆಗೆ ಹೋಗುವ ದಾರಿ ಅದು.

"ಯಾವ್ದು ಬಂತೋ, ವಾಸಪ್ಪ?"

"ಅತ್ತೆ."

"ಹೊಗೆ?"

"ಕರಿ."

"ಕೂಗು?"

"ಎರಡು ಉದ್ದ, ಒಂದು ಗಿಡ್ಡ."

"ಹಾಂ… ಸರಿ."

ಇಷ್ಟೇ. ಆಮೇಲೆ ಅವನು ಅತ್ತ, ಇವನು ಇತ್ತ. ಒಮ್ಮೆ ಗಾಡಿ ಬರಲಿಲ್ಲ ಎಂದಾಗ ಗೋಪಾಲಪ್ಪ, "ಬರದೆ ಎಲ್ಲಿಗೆ ಹೋಗ್ತದೆ?" ಎಂದು ಮರದ ಬುಡದಲ್ಲೇ ಕೂತ. ಬೆಳಗಿನ ಜಾವ ಅದು ಬಂದ ಮೇಲೆಯೇ ಎದ್ದದ್ದು.

ಆ ಬೇಸಿಗೆ ಗೋಪಾಲಪ್ಪ ಊರ ದೇವರ ಕಾರ್ಯವೆಂದು ತೀರ್ಥಹಳ್ಳಿಗೆ ಹೋದ. ಅಲ್ಲಿ ಕಾಮಾಲೆ ಹಿಡಿಯಿತು. ಸತ್ತ. ಸುಟ್ಟದ್ದೂ ಅಲ್ಲೇ, ಹೊಳೆ ದಂಡೆಯಲ್ಲಿ. ಎಲ್ಲ ಮುಗಿದ ಮೇಲೆ ಬಸ್ಸಿನ ಕಂಡಕ್ಟರ್ ಅಂಗಡಿ ಮುಂದೆ ನಿಂತು ವಾಸಪ್ಪನಿಗೆ ಸುದ್ದಿ ಹೇಳಿದ. ವಾಸಪ್ಪ "ಹೌದಾ" ಎಂದ. ಹೊಲಿಯುತ್ತಿದ್ದ ತೋಳನ್ನು ಮುಗಿಸಿದ. ಇನ್ನೊಂದು ತೋಳು ಹೊಲಿದ. ಗುಂಡಿ ಹಾಕಿದ. ಹೊರಗೆ ಎಂಜಿನ್ ಕೂಗಿತು. ಎದ್ದು ಹೋಗಬೇಕು ಅನ್ನಿಸಲಿಲ್ಲ. ಅಳಬೇಕು ಅಂತಲೂ ಅನ್ನಿಸಲಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗಿತ್ತು.

ಪೇಟೆಗೆ ಸುದ್ದಿಯಾದದ್ದು ಆ ಸಂಜೆಯೇ.

ರಾತ್ರಿ ಅಂಗಡಿ ಮುಚ್ಚಿ ಹೊರಟ. ಮದುವೆ ಕಾಲ, ರವಿಕೆಗಳ ರಾಶಿ, ಹೊತ್ತು ಮೀರಿತ್ತು. ಗೇಟು ದಾಟಿದ. ಗಾಳಿ ಇರಲಿಲ್ಲ. ಆಲದ ಒಣ ಎಲೆಯೊಂದು ಟಪ್ ಎಂದು ಬಿತ್ತು. ಆಮೇಲೆ ಬೆಂಕಿಕಡ್ಡಿ ಗೀರಿದ ಸದ್ದು… ಚರ್ರ್…

"ಯಾವ್ದು ಬಂತೋ, ವಾಸಪ್ಪ?"

"ನೋಡ್ಲಿಲ್ಲ" ಎಂದ ವಾಸಪ್ಪ. ನಡೆದ.

ಮನೆಗೆ ಬಂದ, ಕೈಕಾಲು ತೊಳೆದ, ಊಟಕ್ಕೆ ಕೂತ. ಮಜ್ಜಿಗೆ ಹಾಕಿಸಿಕೊಳ್ಳುವಾಗ ನೆನಪಾಯಿತು, ಗೋಪಾಲಪ್ಪ ಸತ್ತಿದ್ದಾನೆ ಎಂದು. ಹೆದರಬೇಕು ಎಂದುಕೊಂಡ. ಹೆದರಿಕೆ ಬರಲಿಲ್ಲ. ಮಜ್ಜಿಗೆ ಕುಡಿದು ಮಲಗಿದ.

ಮಾರನೆಯ ದಿನವೂ ಸ್ಟೇಷನ್ನಿಗೆ ಹೋಗಲಿಲ್ಲ. ರಾತ್ರಿ ಆಲದ ಮರದ ಕೆಳಗೆ ಯಾರೂ ಇರಲಿಲ್ಲ. ಮನೆಗೆ ತಿರುಗುವಲ್ಲಿ ಒಂದು ಬಾವಿ ಇದೆ. ಅದರ ರಾಟೆ ಕಿರ್ರ್… ಎಂದು ಅರ್ಧ ಸುತ್ತು ತಿರುಗಿ ನಿಂತಿತು.

"ಯಾವ್ದು ಬಂತೋ?"

"ನೋಡ್ಲಿಲ್ಲ ಮಾರಾಯ."

ಬೆನ್ನ ಹಿಂದೆ ಹವಾಯಿ ಚಪ್ಪಲಿಯ ಸದ್ದು. ಚಟ್… ಚಟ್… ಬಾರು ಸಡಿಲಾದ ಚಪ್ಪಲಿ. ಸ್ವಲ್ಪ ದೂರ ಬಂದು ನಿಂತಿತು.

ಮೂರನೆಯ ರಾತ್ರಿ ಅದು ಬೇಲಿಯ ಬಾಯಿಗೆ ಗಳ ಅಡ್ಡ ಹಾಕಿದ ದಣಪೆಯ ಹತ್ತಿರ ಇತ್ತು. ದಣಪೆ ದಾಟಿದರೆ ಅಂಗಳ. ಅಂಗಳ ದಾಟಿದರೆ ಜಗಲಿ. ಜಗಲಿಯ ಒಳಗೆ ಬಾಣಂತಿ ಗುತ್ಯಮ್ಮ, ಕೂಸು. ಗುತ್ಯಮ್ಮನಿಗೆ ತಾಯಿ ಇಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಕೆರಿಯಮ್ಮ ಬಾಗಿಲಿಗೆ ಪೊರಕೆ, ಹಳೆ ಚಪ್ಪಲಿ, ತಲೆದಿಂಬಿನಡಿ ಕತ್ತಿ ಎಲ್ಲ ಇಟ್ಟಿದ್ದಳು. ಹೊರಗಿನ ಗಾಳಿ ಯಾವುದೇ ಬರಲಿ, ಅದಕ್ಕೆ ಇಷ್ಟು ಸಾಕು. ಆದರೆ ಗೋಪಾಲಪ್ಪ ಕೆರಿಯಮ್ಮನ ಪೊರಕೆಗೆ ಬದುಕಿದ್ದಾಗಲೂ ಹೆದರಿದವನಲ್ಲ.

ಆ ರಾತ್ರಿ ಕೂಸು ಇದ್ದಕ್ಕಿದ್ದಂತೆ ಮೊಲೆ ಬಿಟ್ಟಿತು. ಅತ್ತಿತು. ಅಳುವುದನ್ನೂ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾ ಮಲಗಿತು. ಬೆಳಗ್ಗೆ ಮೈ ಕೆಂಡ. ಡಾಕ್ಟರು ಔಷಧಿ ಕೊಟ್ಟರು. ಹಾಲು ಕುಡಿಯದಿದ್ದರೆ ಕಷ್ಟ ಎಂದರು.

ಕೆರಿಯಮ್ಮ ಮಗನನ್ನು ಹಿತ್ತಿಲಿಗೆ ಕರೆದಳು.

"ರಾತ್ರೆ ದಣಪೆ ಹತ್ರ ಬೀಡಿ ಸೇದಿದ್ದು ಯಾರಾ?"

ವಾಸಪ್ಪ ಹೇಳಿದ. ತೋಳಿನ ಅಳತೆ ಹೇಳಿದ ಹಾಗೆ ಹೇಳಿದ.

ಕೆರಿಯಮ್ಮ ದನಿ ತಗ್ಗಿಸಿದಳು. "ಎಂತ ಕೇಳ್ತಾನೆ? ಕೋಳಿ ಕೇಳ್ತಾನಾ?"

"ಇಲ್ಲ. ಯಾವ ರೈಲು ಬಂತು ಅಂತ."

"ಮತ್ತೆ ನೋಡ್ಕಂಡು ಬಂದು ಹೇಳೋಕೆ ನಿಂಗೆಂತ ದಾಡಿ? ಬೇಡ ಅಂದಾಗೆಲ್ಲ ಹೋಗಿ ಕೂರ್ತಿದ್ದೆ. ಈಗ ಮನೆ ಬಾಗ್ಲಿಗೆ ಬಂದು ಕೇಳ್ತಿದಾನೆ, ಇಂವ ಹೋಗೂದಿಲ್ಲ!" ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗು ಮಗಾ. ಇವತ್ತು ಸಂಜೆ ಸರಿಯಾಗಿ ನೋಡ್ಕಂಡು ಬಾ. ಹೊಗೆ ಗಿಗೆ ಎಲ್ಲ."

ವಾಸಪ್ಪ ಹೋದ. ಕಲ್ಲುಬೆಂಚಿನಲ್ಲಿ ಒಬ್ಬನೇ ಕೂತ. ಕತ್ತಲಾಯಿತು. ಮಾಸ್ತರರು ಲಾಟೀನು ಹಿಡಿದು ಬಂದರು.

"ವಾಸಪ್ಪ, ಮನೆಗೆ ಹೋಗಿ. ಮಧ್ಯಾಹ್ನದ ಗಾಳಿಗೆ ಕುಂಸಿ ಹತ್ರ ಮರ ಬಿದ್ದಿದೆ. ಆ ಕಡೆಯಿಂದ್ಲೂ ಇಲ್ಲ, ಈ ಕಡೆಯಿಂದ್ಲೂ ಇಲ್ಲ. ನಾಳೆವರೆಗೆ ಗಾಡಿನೇ ಇಲ್ಲ."

"ಒಂದಾದ್ರೂ…"

"ಒಂದೂ ಇಲ್ಲ ಮಾರಾಯ್ರೆ. ಟ್ರಾಲಿನೂ ಇಲ್ಲ."

ವಾಸಪ್ಪ ಮನೆಗೆ ನಡೆದ. ಆಲದ ಕೆಳಗೆ ಏನಿಲ್ಲ. ಬಾವಿಯ ಹತ್ತಿರ ಏನಿಲ್ಲ. ದಣಪೆಯ ಹತ್ತಿರವೂ ಇಲ್ಲ… ಜಗಲಿಯಲ್ಲಿ ಕೆರಿಯಮ್ಮ ದೀಪ ಸಣ್ಣ ಮಾಡಿ ಕೂತಿದ್ದಳು. ಒಳಗೆ ಕೂಸಿನ ಉಸಿರು ಮಾತ್ರ ಕೇಳುತ್ತಿತ್ತು. ಹ್ಞ… ಹ್ಞ… ಹ್ಞ… ಅಳುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ.

"ನೋಡಿದ್ಯಾ?" ಪಿಸುಗುಟ್ಟಿದಳು.

"ಬರ್ಲಿಲ್ಲ. ಮರ ಬಿದ್ದಿದೆ."

"ಹಾಗನ್ಬೇಡ! ಬರ್ಲಿಲ್ಲ ಅಂದ್ರೆ ಬರೋವರೆಗೆ ಇಲ್ಲೇ ಕೂರ್ತಾನೆ ಅಂವ. ಎಂತಾದ್ರೂ ಹೇಳು."

ಅಂಗಳದಲ್ಲಿ ಚಟ್… ಚಟ್… ಜಗಲಿಯ ಮೆಟ್ಟಿಲ ಬುಡದಲ್ಲಿ ನಿಂತಿತು. ಬೀಡಿಯ ಎಲೆ ಚಿಟಿಚಿಟಿ ಎಂದು ಉರಿಯುವುದು ಕೇಳಿಸಿತು. ಕಿಡಿ ಕಾಣಲಿಲ್ಲ.

"ಯಾವ್ದು ಬಂತೋ, ವಾಸಪ್ಪ?"

ಅತ್ತೆ ಎನ್ನಬಹುದಿತ್ತು. ಕೋಪಿಷ್ಠ ಎನ್ನಬಹುದಿತ್ತು. ಇವತ್ತಿಗೂ ಕಾರಣ ಅವನಿಗೆ ತಿಳಿದಿಲ್ಲ, ಬಾಯಿಗೆ ಬಂದದ್ದು ಬೇರೆ.

"ಕುಂಟಿ."

ಬೀಡಿಯ ಸದ್ದು ನಿಂತಿತು.

"…ಕುಂಟಿಯಾ?"

"ಹೂಂ."

"ನೀನು ನೋಡಿದ್ಯಾ?"

"ನೋಡಿದೆ."

"ಹೊಗೆ?"

"ಬಿಳಿ."

"ಕೂಗು?"

ವಾಸಪ್ಪನ ನಾಲಿಗೆ ಅಲ್ಲಿ ಕಚ್ಚಿಕೊಂಡಿತು. ಎಲ್ಲದರಲ್ಲೂ ಸುಳ್ಳು ಹೇಳಬಹುದು, ಕೂಗಿನಲ್ಲಿ ಅವನಿಗೆ ಆಗಲಿಲ್ಲ.

ಆಗ ಕುಂಸಿಯ ದಿಕ್ಕಿನಿಂದ ಕೂಗಿತು. ಕೂ… ಎಂದು ಒಂದೇ ಉದ್ದ. ಕೊನೆಗೆ ಗಂಟಲು ಒಡೆದ ಹಾಗೆ ಬಿರುಕು. ಅದರ ಹಿಂದೆ ಹಳಿಯ ಮೇಲೆ ಸದ್ದು. ಛಕ್, ಛಕ್, ಛಕ್… ನಾಲ್ಕನೆಯದಿಲ್ಲ. ಛಕ್, ಛಕ್, ಛಕ್… ಸ್ಟೇಷನ್ನಿಗೆ ಬಂತು. ಬ್ರೇಕು ಕಿರುಚಿತು. ಉಸ್ಸ್… ಎಂದು ನಿಂತಿತು.

ಚಪ್ಪಲಿಯ ಸದ್ದು ಅಂಗಳ ದಾಟಿ ಓಡಿತು. ದಣಪೆಯಿಂದ ಒಂದು ಕೂಗು.

"ಬಾರೋ ವಾಸಪ್ಪ! ಹೊರಡ್ತದೆ!"

ವಾಸಪ್ಪನ ಕಾಲು ಮೆಟ್ಟಿಲು ಇಳಿದಿತ್ತು. ಇಷ್ಟು ದಿನ ಮರಗಟ್ಟಿದ್ದ ಮೈಯಲ್ಲಿ ಆ ಒಂದು ಕಾಲಿಗೆ ಜೀವ ಬಂದಿತ್ತು. ಕೆರಿಯಮ್ಮ ಅವನ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಬಾಗಿಲ ಸಂದಿಯಿಂದ ಗುತ್ಯಮ್ಮ ಕೇಳಿದಳು.

"ಹೋಗ್ತೀರಾ?"

ಅಷ್ಟೇ ಕೇಳಿದ್ದು. ವಾಸಪ್ಪ ತಿರುಗಿ ಮೆಟ್ಟಿಲ ಮೇಲೆ ಕೂತ. ರೈಲು ಬಂದೂ ನೋಡದೆ, ನೋಡಬೇಕು ಅನ್ನಿಸಿಯೂ ನೋಡದೆ ಅವನು ಕೂತದ್ದು ಅದೇ ಮೊದಲು. ಎಂಜಿನ್ ನಿಂತೇ ಇತ್ತು. ಬಹಳ ಹೊತ್ತು ನಿಂತಿತ್ತು. ಯಾರಿಗೋ ಕಾದ ಹಾಗೆ. ಕೊನೆಗೆ ಕೂಗದೆ ಹೊರಟಿತು. ಛಕ್, ಛಕ್, ಛಕ್… ಸಾಗರದ ಕಡೆಗೆ. ತಾಳಗುಪ್ಪದ ಕಡೆಗೆ… ಆಮೇಲೆ ಜೀರುಂಡೆಗಳ ಸದ್ದು.

ಒಳಗೆ ಕೂಸು ಚಪ್ಪರಿಸಿ ಹಾಲು ಕುಡಿಯುತ್ತಿತ್ತು. ವಾಸಪ್ಪನ ಅಂಗಿಯ ಕಾಲರು ಕುತ್ತಿಗೆಗೆ ಅಂಟಿತು. ಮುಟ್ಟಿ ನೋಡಿದ, ಕೆನ್ನೆಯಿಂದ ಕೆಳಗೆ ಎಲ್ಲ ಒದ್ದೆ. ಯಾವಾಗ ಅತ್ತದ್ದೋ ಅವನಿಗೆ ತಿಳಿಯಲಿಲ್ಲ.

ರೈಲು ನೋಡುವುದರಿಂದ ಈಗಲೂ ಏನಾದರೂ ಪ್ರಯೋಜನ ಇದೆಯೇ ಎಂದು ಕೇಳುವವರಿದ್ದಾರೆ. ಕೆರಿಯಮ್ಮ ಆಮೇಲೆ ಕೇಳಲಿಲ್ಲ. ಮರುದಿನದಿಂದ ಸಂಜೆಯಾದರೆ ಅವಳೇ ಅಂಗಡಿಗೆ ಹೇಳಿ ಕಳಿಸುತ್ತಿದ್ದಳು, ಹೊತ್ತಾಯಿತು, ಹೋಗು ಎಂದು. ಕೇಳಲು ಮತ್ತೆ ಯಾರೂ ಬರಲಿಲ್ಲ. ವಾಸಪ್ಪ ನೋಡಿಕೊಂಡು ಬರುತ್ತಿದ್ದ.

ಕನಸು ಎನ್ನುವವರು ಎನ್ನಲಿ. ಆ ಮನೆಯಲ್ಲಿ ಮೂವರು ಕೇಳಿದ್ದಾರೆ, ಗುತ್ಯಮ್ಮ ಇವತ್ತಿಗೂ ಇದ್ದಾಳೆ, ಹೋಗಿ ಕೇಳಬಹುದು. ಕುಂಸಿಯ ಮರ ತೆಗೆದದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಯಾವ ಗಾಡಿಯೂ ಓಡಿಲ್ಲ ಎಂದು ಮಾಸ್ತರರು ಆಣೆ ಮಾಡಿದರು. ಅವರಿಗೆ ಬೇರೆ ತಲೆಬಿಸಿ ಇತ್ತು. ಎಂಜಿನ್ನಿಗೆ ನೀರು ತುಂಬುವ ಟ್ಯಾಂಕು ಹಿಂದಿನ ಸಂಜೆ ತುಂಬಿತ್ತು, ಬೆಳಗ್ಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಟ್ಯಾಂಕು ಸೋರುತ್ತಿದೆ ಎಂದು ಮೇಲಕ್ಕೆ ಬರೆದರು. ಶಿವಮೊಗ್ಗದಿಂದ ಫಿಟ್ಟರು ಬಂದು ನೋಡಿದ. ಸೋರಿಕೆ ಇರಲಿಲ್ಲ.