ದೀಪ ಮುಟ್ಟಿದ ಅಪ್ಪ

ಜಯನಗರದ ಕಣ್ಣಾಸ್ಪತ್ರೆಯಲ್ಲಿ ಎರಡು ಗಂಟೆಯಿಂದ ಕಾಯುತ್ತಿದ್ದೆ. ನನ್ನ ಬಲಪಕ್ಕದಲ್ಲಿ ಅರವತ್ತರ ಆಸುಪಾಸಿನ ಒಬ್ಬರು, ಅವರಾಚೆ ಅವರ ಅಕ್ಕ. ಗ್ಲಾಕೋಮಾ ಇದ್ದದ್ದು ಅಕ್ಕನಿಗೆ. ಪರೀಕ್ಷೆಗೆಂದು ತಮ್ಮನನ್ನು ಎಳೆತಂದಿದ್ದರು.

“ನಂಗೆ ಚೆನ್ನಾಗೇ ಕಾಣ್ತದೆ ಕಣಕ್ಕ.”

“ನಂಗೂ ಹಂಗೇ ಅನ್ಸಿತ್ತು. ನೇರಕ್ಕೆ ಕಾಣ್ತದಂತೆ, ಪಕ್ಕದ್ದು ಗೊತ್ತಾಗ್ದಂಗೆ ಹೋಗ್ತದಂತೆ. ಒಡಹುಟ್ಟಿದೋರೆಲ್ಲ ತೋರಿಸ್ಕೋಬೇಕು ಅಂದ್ರು ಡಾಕ್ಟ್ರು.”

“ಯಾರಿಂದ ಬಂತಂತೆ ಇದು?”

“ಮನೇಲಿ ಯಾರಿಗಿತ್ತು ಅಂತ ಅವ್ರೂ ಕೇಳಿದ್ರು. ಯಾರಿಗೂ ಇಲ್ಲ ಅಂದ್ಬಿಟ್ಟೆ. ಆಮೇಲೆ ಅಪ್ಪ ಜ್ಞಾಪಕಕ್ಕೆ ಬಂದ.”

“ಅಪ್ಪಂಗೆ ಕಣ್ಣಿಗೇನಾಗಿತ್ತು? ಕುಡೀತಿದ್ದ, ಎಡವ್ತಿದ್ದ.”

“ಮಾರಮ್ಮನ ಗುಡೀಲಿ ದೀಪ ಮುಟ್ಟಿಸಿ ಆಣೆ ಹಾಕಿಸಿದ್ವಲ್ಲ, ಆಮೇಲೂ ಎಡವ್ತಿದ್ದ.”

“ಆಣೆ ಮುರ್ದು ಕದ್ದು ಕುಡೀತಾನೆ ಅಂದ್ಕೊಂಡ್ವಿ.”

“ಒಂದಿನಾನಾದ್ರೂ ಬಾಯಿ ವಾಸ್ನೆ ಬಂದಿತ್ತಾ?”



“ಒಳಕ್ಕೆ ಸೇರಿಸ್ತಿರ್ಲಿಲ್ಲ ನಾನು. ಜಗಲಿ ಮೇಲೇ ಮಲಗಿಸ್ತಿದ್ದೆ.”

“ನಾನೂ ಬೇಡ ಅನ್ಲಿಲ್ಲ ಬಿಡು.”

“ಮುನಿಯಲ್ಲಪ್ಪ” ಎಂದು ಒಳಗಿಂದ ಕರೆದರು. ಅವರು ಎದ್ದರು. ನಮ್ಮಿಬ್ಬರ ನಡುವೆ ನೆಲದ ಮೇಲಿದ್ದ ನನ್ನ ದೊಡ್ಡ ಹಳದಿ ಚೀಲಕ್ಕೆ ಎಡವಿ, ಕುರ್ಚಿ ಹಿಡಿದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

“ಕುಡಿದಿಲ್ಲ ಸಾರ್.”

ಅಕ್ಕ ಅವರ ಎಡಗೈ ಹಿಡಿದು ಒಳಗೆ ಕರೆದೊಯ್ದರು.